ಲಾಭದಿಂದ ಎರಡರ ತನಕ

ಲಾಭ

ನಮ್ಮ ಕಡೆ ಕಾಳು ಅಳೆಯುವವರು ‘ಒಂದು’ ಎನ್ನುವುದಿಲ್ಲ. ಮೊದಲ ಪಾಯಲಿಯನ್ನು ತುಂಬಿ ನೆಲಕ್ಕೆ ಹಾಸಿದ ಗೋಣಿತಟ್ಟಿನ ಮೇಲೆ ಸುರಿಯುವಾಗ ‘ಲಾಭ’ ಎನ್ನುತ್ತಾರೆ. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಮುಂದೆಲ್ಲ ಎಲ್ಲರಂತೆ. ಪಾಯಲಿ ಎಂದರೆ ಕಬ್ಬಿಣದ ಪಟ್ಟಿ ಬಿಗಿದ ದುಂಡನೆಯ ಅಳತೆ ಪಾತ್ರೆ. ಒಂದು ಪಾಯಲಿ ಸುರಿದು ಇನ್ನೊಂದು ತುಂಬುವ ತನಕ ಅದೇ ಸಂಖ್ಯೆಯನ್ನು ರಾಗವಾಗಿ ಹೇಳುತ್ತಲೇ ಇರಬೇಕು: ‘ಏಳು, ಏಳೇ ಏಳು, ಏಳೇ ಏಳು.’ ನಡುವೆ ಬೇರೆ ಮಾತು ಆಡಿದರೆ ಎಣಿಕೆ ಕೆಟ್ಟಿತು. ಸುರಿದದ್ದನ್ನೆಲ್ಲ ತಿರುಗಿ ರಾಶಿಗೆ ಸೇರಿಸಿ ಲಾಭದಿಂದ ಶುರು ಮಾಡಬೇಕು.

ಮರಾಠಿ ಸೀಮೆಗೆ ಸೇರಿದ ಉಮರ್ಗಾದ ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಸೋದರತ್ತೆಯದು. ಅಜ್ಜನದು ಕಾಳಿನ ಅಂಗಡಿ. ಅಲ್ಲಿ ಅಳೆಯಲು ಆಳುಗಳಿದ್ದರು. ಆದರೆ ಮನೆಯ ವರ್ಷದ ಜೋಳಕ್ಕೂ ಮಠಕ್ಕೆ ಕಳಿಸುವ ಜೋಳಕ್ಕೂ ಅತ್ತೆಯ ಕೈಯೇ ಆಗಬೇಕು. ಅದಕ್ಕಾಗಿಯೇ ಅಜ್ಜ ಆಕೆಯನ್ನು ಪ್ರತಿ ಸುಗ್ಗಿಗೆ ನಿಲಂಗಾದ ಗಂಡನ ಮನೆಯಿಂದ ಕರೆಸುತ್ತಿದ್ದ.

ಆರೇಳು ವರ್ಷದವಳಿದ್ದಾಗ ನಾನು ಅಂಗಳದಲ್ಲಿ ನಿಂತು ಕೇಳಿದೆನಂತೆ: ‘ಲಾಭ ಲೆಕ್ಕದಾಗ ಬರ್ತದೋ ಇಲ್ಲೋ?’ ಬರುತ್ತದೆ ಎಂದ ಅಪ್ಪ. ಅತ್ತೆ ಅವನನ್ನು ಗದರಿಸಿ, ‘ಅದು ಲೆಕ್ಕದ ಮೊದಲ ಬರ್ತದ, ಲೆಕ್ಕದಾಗಲ್ಲ’ ಎಂದಳು.

ಈ ದೃಶ್ಯ ನನಗೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ನಂಬುವುದಿಲ್ಲ. ನನ್ನ ನೆನಪಿನ ಆ ಅಂಗಳದಲ್ಲಿ ಅತ್ತೆ ಹರೆಯದ ಹೆಂಗಸು, ಹಳದಿ ಸೀರೆ ಉಟ್ಟಿದ್ದಾಳೆ. ಪಕ್ಕದಲ್ಲಿ ನಿಂತ ಆಕೆಯ ತಮ್ಮನಿಗೆ, ಅಂದರೆ ನನ್ನ ಅಪ್ಪನಿಗೆ, ತಲೆಯೆಲ್ಲ ಬೆಳ್ಳಗಾಗಿದೆ. ಹಾಗಿರಲು ಸಾಧ್ಯವಿಲ್ಲ. ಎರಡು ಬೇರೆ ಬೇರೆ ವರ್ಷಗಳನ್ನು ಯಾರೋ ಕೌದಿಯಂತೆ ಹೊಲಿದಿದ್ದಾರೆ. ಹೊಲಿದವಳು ನಾನೇ ಇರಬೇಕು. ಆದರೂ ಅತ್ತೆಯ ಉತ್ತರ ನಿಜವೆಂದೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಟ್ಟಿ ಹೇಳುವಷ್ಟು ಜಾಣತನ ನನಗಿಲ್ಲ.

ಈ ಬರಹದ ತುಂಡುಗಳಿಗೂ ಅಳೆಯುವವರ ಎಣಿಕೆಯನ್ನೇ ಹಾಕಿದ್ದೇನೆ. ನೇರ ಕಥೆ ಹೇಳಲು ನನಗೆ ಬರುವುದಿಲ್ಲ. ಗಣಿತ ಕಲಿತವರು ನೇರವಾಗಿ ಯೋಚಿಸುತ್ತಾರೆ ಎನ್ನುವುದು ಗಣಿತ ಕಲಿಯದವರ ನಂಬಿಕೆ.

ಎರಡು

ಉದಗೀರದ ಕಾಲೇಜೊಂದರಲ್ಲಿ ಮೂವತ್ತರ ಹತ್ತಿರ ವರ್ಷ ಗಣಿತ ಕಲಿಸಿದ್ದೇನೆ. ಕಲಿಸಿದ್ದು ಪರೀಕ್ಷೆಗೆ ಬೇಕಾದದ್ದು. ಮನೆಯಲ್ಲಿ ಕೂತು ಮಾಡಿದ್ದು ಅನಂತದ ಗಣಿತ. ಯಾರೂ ಕೇಳಿರಲಿಲ್ಲ, ಯಾರಿಗೂ ಅವಸರವಿರಲಿಲ್ಲ.

ಅನಂತದಲ್ಲಿ ಎರಡು ಬಗೆ. ಒಂದು, ಅತ್ತೆಯ ರಾಗದಂತಹದು: ಏಳು, ಎಂಟು, ಒಂಬತ್ತು, ಎಲ್ಲಿಯೂ ನಿಲ್ಲುವುದಿಲ್ಲ, ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಆದದ್ದು ಇಷ್ಟೇ. ಇನ್ನೊಂದು, ರಾಶಿಯಂತಹದು: ಅಳೆಯುವ ಮೊದಲೇ ಇಡಿಯಾಗಿ ಎದುರಿಗೆ ಬಿದ್ದಿರುವುದು. ತತ್ವಶಾಸ್ತ್ರದವರು ಎರಡನೆಯದು ಇದೆಯೋ ಇಲ್ಲವೋ ಎಂದು ಜಗಳವಾಡುತ್ತಾರೆ. ಅತ್ತೆಗೆ ಇದರಲ್ಲಿ ಜಗಳವೇ ಕಾಣಲಿಲ್ಲ. ‘ರಾಶಿ ಇಲ್ದ ಏನ ಅಳೀತಿ, ಗಾಳಿ ಅಳೀತೀ?’ ಎಂದಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಜಗತ್ತಿನಷ್ಟು ದೊಡ್ಡದನ್ನು ಅಲ್ಲಿ ನೋಡಿ, ತಿರುಗಿ ಕರಡಿಗೆಯಲ್ಲಿಟ್ಟು ಚಹಕ್ಕೆ ಏಳುವವಳು ಆಕೆ. ಇಡಿಯಾದ ಅನಂತ ಆಕೆಗೆ ಹೊಸದಲ್ಲ.

ನಾನು ಹನ್ನೊಂದು ವರ್ಷ ಹಿಡಿದು ಕೂತ ಸಿದ್ಧಾಂತವನ್ನು ಒರಟಾಗಿ ಹೀಗೆ ಹೇಳಬಹುದು. ಒಂದು ದಾರಿ ಸ್ವಲ್ಪ ದೂರ ಹೋಗಿ ಎರಡಾಗಿ ಕವಲೊಡೆಯುತ್ತದೆ. ಆ ಎರಡೂ ಮುಂದೆ ಎರಡೆರಡಾಗುತ್ತವೆ. ಹೀಗೆ ಎಂದಿಗೂ ಮುಗಿಯದು. ಪ್ರತಿ ಕವಲಿನಲ್ಲೂ ಎಡವೋ ಬಲವೋ ಆರಿಸಿಕೊಳ್ಳುತ್ತ ಹೋದರೆ ಎಷ್ಟು ಬೇರೆ ಬೇರೆ ಪ್ರಯಾಣಗಳಾದವು? ಅವು ಮುಗಿಯದಷ್ಟು ಎಂದರೆ ಸಾಲದು; ಮುಗಿಯದ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಹಂಚಿದರೂ ಸಂಖ್ಯೆ ಸಿಗದ ಪ್ರಯಾಣಗಳು ಉಳಿಯುತ್ತವೆ. ಇದು ಹಳೆಯ ಸಂಗತಿ, ಎಲ್ಲರಿಗೂ ಗೊತ್ತು. ಒಂದು ಕಠಿಣ ನಿಯಮ ಹಾಕಿ ಹಲವು ದಾರಿಗಳನ್ನು ಮುಚ್ಚಿದ ಮೇಲೂ ಅವು ಎಣಿಕೆಗೆ ಮೀರಿಯೇ ಉಳಿಯುತ್ತವೆ ಎನ್ನುವುದು ನನ್ನದು. ಕವಲು ಎರಡಿರಲಿ, ಮೂರಿರಲಿ, ಎಷ್ಟೇ ಇರಲಿ.

ಸಾಧಿಸಿದ್ದು ಏಣಿಯ ಕ್ರಮದಲ್ಲಿ, ಕವಲುಗಳ ಸಂಖ್ಯೆಯನ್ನೇ ಮೆಟ್ಟಿಲು ಮಾಡಿಕೊಂಡು. ಮೊದಲು ಒಂದಕ್ಕೆ ನಿಜ ಎಂದು ತೋರಿಸಬೇಕು. ಆಮೇಲೆ ಯಾವುದೋ ಒಂದು ಸಂಖ್ಯೆಗೆ ನಿಜವಾದರೆ ಅದರ ಮುಂದಿನದಕ್ಕೂ ನಿಜ ಎಂದು ತೋರಿಸಬೇಕು. ಆಗ ಏಣಿಯನ್ನು ಎಷ್ಟು ಎತ್ತರ ಬೇಕಾದರೂ ಹತ್ತಬಹುದು. ಎರಡನೆಯ ಕೆಲಸಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು. ಮೊದಲನೆಯದಕ್ಕೆ ಒಂದು ಸಾಲು ಬರೆದಿದ್ದೆ: ‘ಒಂದರ ವಿಷಯ ಸ್ಪಷ್ಟವೇ ಇದೆ.’

ಶ್ರಾವಣದಲ್ಲಿ ಅದನ್ನು ಒಂದು ಗಣಿತ ಪತ್ರಿಕೆಗೆ ಕಳಿಸಿ, ‘ಕಳಿಸಿದೆ ಅತ್ತಿ’ ಎಂದು ನಿಲಂಗಾಕ್ಕೆ ಫೋನ್ ಮಾಡಿದೆ. ಕಳಿಸುವುದಕ್ಕೂ ಅವರು ಒಪ್ಪುವುದಕ್ಕೂ ನಡುವೆ ವ್ಯತ್ಯಾಸವಿದೆ ಎಂದು ಹೇಳಿದ್ದೇನೆಂದು ನನ್ನ ನೆನಪು. ಹೇಳಲೇ ಇಲ್ಲ ಎಂದು ಅತ್ತೆಯ ನೆನಪು. ಆಕೆ ಅದೇ ಸಂಜೆ ಓಣಿಗೆಲ್ಲ ಪೇಢೆ ಹಂಚಿದಳು. ದೀಪಾವಳಿ ಕಳೆದ ಮೇಲೆ ಒಂದು ರವಿವಾರ ನಿಲಂಗಾದಲ್ಲಿ, ಮಠದ ಪಕ್ಕದ ಸಭಾಗೃಹದಲ್ಲಿ ನನಗೆ ಶಾಲು ಹೊದಿಸುವುದೆಂದು ಓಣಿಯ ಕಿರಾಣಿಯವರು, ಬಟ್ಟೆ ಅಂಗಡಿಯವರು ಸೇರಿ ಗೊತ್ತುಮಾಡಿದರು.

ಮೂರು

ಆ ರವಿವಾರಕ್ಕೆ ಐದು ದಿನ ಇರುವಾಗ, ಮಂಗಳವಾರ, ಪತ್ರಿಕೆಯವರ ಉತ್ತರ ಬಂತು. ನನ್ನ ಬರಹವನ್ನು ಪರೀಕ್ಷಿಸಿದವರು ಯಾರೆಂದು ಅವರು ಹೇಳುವುದಿಲ್ಲ, ಅದು ರೂಢಿ. ಆ ಹೆಸರಿಲ್ಲದ ವ್ಯಕ್ತಿ ಬರೆದದ್ದು ಚಿಕ್ಕದಾಗಿತ್ತು. ಏಣಿಯ ಮೆಟ್ಟಿಲುಗಳು ಗಟ್ಟಿಯಾಗಿವೆ, ಮೆಚ್ಚಿದೆ. ಆದರೆ ಕವಲು ಒಂದೇ ಎಂದರೆ ದಾರಿ ಕವಲೊಡೆಯುವುದೇ ಇಲ್ಲ. ಆಗ ಪ್ರಯಾಣವೂ ಒಂದೇ. ಹೇಳಿಕೆ ಒಂದರ ಬಳಿ ಸುಳ್ಳು; ಏಣಿ ನಿಂತಿರುವುದೇ ಅದರ ಮೇಲೆ.

ಓದಿ ನಾನು ನಕ್ಕೆ. ಹೆದರಿಕೆ ಆಮೇಲೆ ಬಂತು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆದು ಕಳಿಸುತ್ತಿದ್ದೆ. ಹನ್ನೊಂದು ವರ್ಷ ಆ ಸಾಲಿನ ಮುಂದೆ ಹಾದುಹೋಗಿದ್ದೇನೆ, ಒಮ್ಮೆಯೂ ಬಗ್ಗಿ ನೋಡಿಲ್ಲ. ಒಂದನ್ನು ನೋಡುವ ಅಭ್ಯಾಸವೇ ನನಗಿರಲಿಲ್ಲ. ನಮ್ಮ ಅಂಗಳದಲ್ಲಿ ಒಂದು ಎನ್ನುವುದು ಸಂಖ್ಯೆಯಲ್ಲ, ಹಾರೈಕೆ. ಅದನ್ನು ಬಾಯಿತುಂಬ ಹೇಳಿ ಎರಡಕ್ಕೆ ಹೋಗುತ್ತೇವೆ.

ಅತ್ತೆಗೆ ಫೋನ್ ಮಾಡಿದೆ.

‘ಅತ್ತಿ, ರವಿವಾರದ್ದು ನಿಲ್ಲಸ್ಬೇಕು. ತಪ್ಪಾಗ್ಯದ.’

‘ಯಾರು ಅಂದಾರ?’

‘ನೋಡಿದಾಂವ ಅಂದಾನ.’

‘ಅಂವಾ ಯಾರು?’

‘ಗೊತ್ತಿಲ್ಲ. ಹೆಸರು ಹೇಳಂಗಿಲ್ಲ ಅವರು.’

‘ಹೆಸರಿಲ್ದಾಂವ ಅಂದ ಅಂತ ನೀ ಕೇಳ್ತೀ? ನಮ್ಮ ಓಣ್ಯಾಗ ಹೆಸರಿದ್ದಾವ್ರೇ ಐವತ್ತು ಮಂದಿ ಪೇಢೆ ತಿಂದಾರ. ವಾಪಸ್ ಕೇಳ್ಲಿ ಈಗ?’

‘ಅಂವಾ ಖರೇ ಹೇಳ್ಯಾನ, ಅತ್ತಿ.’

‘ಎಷ್ಟದ ತಪ್ಪು?’

‘ಒಂದು ಸಾಲು.’

‘ಒಂದು ಸಾಲಿಗಿ ಇಷ್ಟು ಅಳ್ತೀಯಾ? ಇನ್ನಾ ಐದು ದಿನ ಅದ. ಬರಿ. ನಾ ಯಾರಿಗೂ ಏನೂ ಹೇಳಂಗಿಲ್ಲ.’

ಫೋನ್ ಇಟ್ಟುಬಿಟ್ಟಳು. ಹನ್ನೊಂದು ವರ್ಷದ ಕೆಲಸ ನಿಲ್ಲುತ್ತದೋ ಬೀಳುತ್ತದೋ ಎನ್ನುವುದು ಈಗ ಐದು ದಿನದ ಪ್ರಶ್ನೆ. ಒಂದನ್ನು ಬಿಟ್ಟು ಎರಡರಿಂದಲೇ ಏಣಿ ನಿಲ್ಲಿಸಬಹುದಿತ್ತು. ಆದರೆ ಎರಡನ್ನು ನಾನು ಎಂದೂ ಬೇರೆಯಾಗಿ ಸಾಧಿಸಿರಲಿಲ್ಲ. ಅದು ಒಂದರ ಹೆಗಲೇರಿ ಪುಕ್ಕಟೆ ಬಂದಿತ್ತು. ಈಗ ಬರಿಗೈಯಿಂದ ಸಾಧಿಸಬೇಕು. ಸಿದ್ಧಾಂತ ಎರಡರ ಬಳಿಯೂ ಸುಳ್ಳಾಗಿದ್ದರೆ?

ನಾಲ್ಕು

ಬುಧವಾರ ಏನೂ ಆಗಲಿಲ್ಲ. ಗುರುವಾರ ಒಂದು ದಾರಿ ಹೊಳೆದು, ಊಟದ ಹೊತ್ತಿಗೆ ಸುಳ್ಳಾಯಿತು. ಶುಕ್ರವಾರ ಅನ್ನ ಹೊತ್ತಿಸಿದೆ. ನಾನು ಇಷ್ಟು ಸಂತೋಷದಿಂದ ಎಷ್ಟೋ ವರ್ಷದಿಂದ ಇರಲಿಲ್ಲ ಎನ್ನುವುದು ಆ ದಿನಗಳ ವಿಚಿತ್ರ. ಹರೆಯದಲ್ಲಿ ಲೆಕ್ಕ ಮಾಡುವಾಗ ಕಿವಿ ಬಿಸಿಯಾಗುತ್ತಿತ್ತು. ಆ ಬಿಸಿ ತಿರುಗಿ ಬಂದಿತ್ತು.

ಶನಿವಾರ ನಿಲಂಗಾಕ್ಕೆ ಬಸ್ ಹತ್ತಿದೆ. ದೇವಣಿ ದಾಟುವ ಮೊದಲು ರಸ್ತೆಗೆ ಅಡ್ಡ ಎತ್ತುಗಳು ಬಂದು ಬಸ್ ನಿಂತಿತು. ದೇವಣಿ ತಳಿಯವು: ಬಿಳಿ ಮೈ, ಮೇಲೆ ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ನನ್ನ ಪಕ್ಕದ ಪಗಡಿಯ ಮುದುಕ ಕಿಟಕಿಗೆ ಬಾಗಿ ಅವುಗಳ ಹಲ್ಲು, ಹೆಗಲು, ವಯಸ್ಸು ಎಲ್ಲವನ್ನೂ ಕೂತಲ್ಲಿಂದಲೇ ಹೇಳಿದ. ದನದ ವ್ಯಾಪಾರಿ. ಆಮೇಲೆ ನನ್ನ ನೋಟ್‌ಬುಕ್ ನೋಡಿದ. ಅದರಲ್ಲಿ ನಾನು ಕಪ್ಪು ಚುಕ್ಕೆ, ಬಿಳಿ ಚುಕ್ಕೆಗಳ ಸಾಲುಗಳನ್ನು ಬರೆದಿದ್ದೆ. ಎಡಕ್ಕೆ ಹೋದರೆ ಕಪ್ಪು, ಬಲಕ್ಕೆ ಬಿಳಿ.

‘ಇವೇನ್ರೀ ಬಾಯಿ, ಎತ್ತಿನ ಮಚ್ಚೀ ಏನು?’

‘ಹಂಗೇ ಅನ್ರಿ, ಕಾಕಾ. ಒಂದು ದೊಡ್ಡೀ ಅದ. ಮುಗೀಲಾರದಷ್ಟು ಎತ್ತು ಸಾಲಾಗಿ ಕಟ್ಟೀರಿ. ಒಂದೊಂದು ಎತ್ತಿನ ಮೈಮ್ಯಾಲ ಮುಗೀಲಾರದಷ್ಟು ಮಚ್ಚಿ, ಕರೀದು ಇಲ್ಲಾ ಬಿಳೀದು. ಎಲ್ಲಾ ನಮೂನಿ ಎತ್ತು ನನ್ನ ದೊಡ್ಡ್ಯಾಗ ಅವ ಅಂತ ನೀವು ಅಂತೀರಿ.’

‘ಅಂತೀನಿ,’ ಎಂದ, ಖುಷಿಯಿಂದ.

‘ನಾ ಒಂದು ಹೊಸಾ ಎತ್ತು ತರ್ತೀನಿ. ನಿಮ್ಮ ಮೊದಲನೇದರ ಮೊದಲನೇ ಮಚ್ಚಿ ಕರೀದಿದ್ರ ನಂದರದು ಬಿಳಿ. ಎರಡನೇದರ ಎರಡನೇದು ಬಿಳಿ ಇದ್ರ ನಂದರದು ಕರಿ. ಹಂಗೇ ಎಲ್ಲಾದಕ್ಕೂ ಉಲ್ಟಾ. ಈಗ ನನ್ನ ಎತ್ತು ನಿಮ್ಮ ದೊಡ್ಡ್ಯಾಗ ಅದ ಏನು?’

ಮುದುಕ ಕಣ್ಣು ಮುಚ್ಚಿದ. ತುಟಿ ಅಲುಗಾಡಿತು. ದೊಡ್ಡಿಯ ಸಾಲಿನುದ್ದಕ್ಕೂ ನಡೆಯುತ್ತಿದ್ದಾನೆ ಎಂದು ತಿಳಿಯಿತು.

‘ಇಲ್ಲ,’ ಎಂದ ಕೊನೆಗೆ. ‘ಒಂದೊಂದಕ್ಕೂ ಒಂದೊಂದು ಕಡಿ ಫರಕ್ ಬೀಳ್ತದ. ಅದನೂ ಕಟ್ಟಿಬಿಡ್ತೀನಿ.’

‘ಕಟ್ರಿ. ನಾ ಇನ್ನೊಂದು ತರ್ತೀನಿ.’

‘ಹಂಗಾದ್ರ ಈ ಧಂದಾ ಎಂದೂ ಬಂದ್ ಆಗಂಗಿಲ್ಲ!’ ಎಂದು ತೊಡೆ ತಟ್ಟಿ ಜೋರಾಗಿ ನಕ್ಕ. ‘ಇಲ್ಲದ ಎತ್ತು ಎಲ್ಲ್ಯಾರ ಇದ್ದೇ ಇರ್ತದ್ರೀ ಬಾಯಿ. ಇಲ್ಲಾಂದ್ರ ಜನಾ ಬಾಜಾರಕ್ಕ ಯಾಕ ಬರ್ತಾರ?’

ಆ ಮಾತು ಕೇಳಿದ ಕ್ಷಣವೇ ನನಗೆ ಎರಡರ ಸಾಧನೆ ಹೊಳೆಯಿತು, ಕಠಿಣ ನಿಯಮದಡಿಯಲ್ಲೂ ಹೊಸ ಎತ್ತನ್ನು ಹೇಗೆ ಕಟ್ಟಬೇಕೆಂದು ಕಂಡಿತು ಎಂದು ಹೇಳಲು ಬಹಳ ಆಸೆ. ಎಷ್ಟೋ ಸಲ ಹಾಗೆಯೇ ಹೇಳಿದ್ದೇನೆ. ಆದರೆ ನೋಟ್‌ಬುಕ್ಕಿನ ಆ ಪುಟದಲ್ಲಿ ಚಹದ ಲೋಟದ ದುಂಡನೆಯ ಕಲೆ ಇದೆ. ಬಸ್ಸಿನಲ್ಲಿ ನಾನು ಚಹ ಕುಡಿಯಲಿಲ್ಲ. ಆ ಪುಟವನ್ನು ಉದಗೀರದ ನನ್ನ ಅಡುಗೆಮನೆಯಲ್ಲಿ ಬರೆದಿರಬೇಕು. ಬಹುಶಃ ಅನ್ನ ಹೊತ್ತಿದ ಶುಕ್ರವಾರ. ಅನ್ನ ಹೊತ್ತಿದ್ದು ಅದಕ್ಕೇ ಇರಬಹುದು. ಮುದುಕನಿಗೆ ಅಷ್ಟು ಉಲ್ಲಾಸದಿಂದ ಹೇಳಲು ಆದದ್ದು ಒಳಗೆ ಆಗಲೇ ಗೆದ್ದಿದ್ದೆನಾದ್ದರಿಂದ. ಉತ್ತರ ಮೊದಲು, ಎತ್ತು ಆಮೇಲೆ. ನೆನಪು ಮಾತ್ರ ಎತ್ತನ್ನು ಮುಂದೆ ಕಟ್ಟುತ್ತದೆ.

ಐದು

ಸಭಾಗೃಹದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಜನ ಸೇರಿದ್ದರು. ಹಿಂದಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅತ್ತೆಯ ಮನೆಗೆ ಪೂಜೆಗೆ ಬರುವ ಮಠದ ಅಯ್ಯನವರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡಿ, ‘ನಮ್ಮ ಮಗಳು ಅನಂತವನ್ನೇ ಅಳದಾಳ’ ಎಂದು ಮುಗಿಸಿ ಶಾಲು ಬಿಚ್ಚಿದರು. ನಾನು ಎದ್ದು ಮೈಕ್ ತೆಗೆದುಕೊಂಡೆ.

‘ಅಯ್ಯನವರೇ, ಶಾಲು ಹಾಕಬ್ಯಾಡ್ರಿ. ನಾ ಏನೂ ಅಳದಿಲ್ಲ. ಅಳೀಲಿಕ್ಕ ಆಗಂಗಿಲ್ಲ ಅಂತ ತೋರಿಸ್ಲಿಕ್ಕ ಹೋಗಿದ್ದೆ, ಅದರಾಗೂ ಮೊದಲನೇ ಹೆಜ್ಜೀ ತಪ್ಪ್ಯದ. ಮಂಗಳವಾರ ಗೊತ್ತಾತು. ತಿದ್ದೀನಿ. ಆದ್ರ ತಿದ್ದಿದ್ದು ಇನ್ನಾ ಯಾರೂ ನೋಡಿಲ್ಲ.’

ಹಿಂದಿನ ಸಾಲಿನಿಂದ ಬಟ್ಟೆ ಅಂಗಡಿಯವರೊಬ್ಬರು ‘ಮಗ ಜೇವಣಾಚಂ ಕಾಯ?’ ಎಂದರು. ಊಟದ ಗತಿಯೇನು ಎಂದು. ಎಲ್ಲರೂ ನಕ್ಕರು.

‘ಊಟಾ ಆಗ್ತದ, ಕೂಡ್ರಿ!’ ಎಂದು ಅತ್ತೆ ಮುಂದಿನ ಸಾಲಿನಿಂದ ಎದ್ದಳು. ಎಂಬತ್ತು ದಾಟಿದ ಹೆಂಗಸು, ಕೋಲು ಹಿಡಿದು ನನ್ನೆದುರಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು. ಐದು ದಿನದಲ್ಲಿ ಎಲ್ಲ ಸರಿಹೋಗುತ್ತದೆ, ಯಾರಿಗೂ ತಿಳಿಯದಂತೆ ಮುಗಿಯುತ್ತದೆ ಎಂದು ನಂಬಿದ್ದಳು.

‘ಒಂದು ನೋಡಲಾರದ ಎರಡಕ್ಕ ಹ್ಯಾಂಗ ಹೋದಿ, ಪೋರಿ?’

‘ನೀನೇ ಕಲಿಸಿದ್ದು, ಅತ್ತಿ. ಒಂದು ಅನ್ನಬಾರದು ಅಂತ.’

‘ಅನ್ನಬ್ಯಾಡ ಅಂದಿದ್ದೆ. ನೋಡಬ್ಯಾಡ ಅಂದಿದ್ನೇನು?’

ಮೈಕ್ ತೆರೆದೇ ಇತ್ತು. ಇಡೀ ಸಭೆಗೆ ಕೇಳಿಸಿತು.

ಅಯ್ಯನವರು ನಡುವೆ ಬಂದು ನನ್ನನ್ನು ಕಾಪಾಡಲು ನೋಡಿದರು. ‘ಶೂನ್ಯದಿಂದ ಶುರು ಮಾಡಬೇಕಿತ್ತು, ತಾಯಿ. ಶರಣರ ದಾರಿ ಅದು.’

‘ಶೂನ್ಯಕ್ಕೂ ಸುಳ್ಳೇ ಆಗ್ತದ್ರೀ ಅಯ್ಯನವರೇ. ಅಲ್ಲಿ ದಾರೀನೇ ಇಲ್ಲ.’

‘ದಾರೀನೇ ಇಲ್ಲ ಅನ್ನೋದನ್ನ ನಾವೂ ಹೇಳ್ತೀವಿ,’ ಎಂದು ಅವರು ತೃಪ್ತಿಯಿಂದ ಕೂತರು.

ಅತ್ತೆ ಅವರ ಕೈಯಿಂದ ಶಾಲು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ‘ಆ ಹೆಸರಿಲ್ದಾಂವ ಹೂಂ ಅನ್ನಲಿ. ಅಲ್ಲೀತನಾ ಇದು ನನ್ನ ಪಾಯಲ್ಯಾಗ ಇರ್ತದ. ಈಗ ಎಲ್ಲಾರೂ ಏಳ್ರಿ, ಹೋಳಿಗಿ ಆರ್ತಾವ.’

ಊಟದಲ್ಲಿ ನನಗೆ ನಾಲ್ಕು ಹೋಳಿಗೆ ಬಡಿಸಿದಳು. ಐದನೆಯದನ್ನೂ ಬಡಿಸಿದಾಗ ಸಿಟ್ಟು ಇಳಿದಿದೆ ಎಂದು ತಿಳಿಯಿತು.

ಲಾಭ

ಹೊಸ ಜೋಳ ಬಂದಾಗ ನಿಲಂಗಾಕ್ಕೆ ಹೋಗಿದ್ದೆ. ಉಮರ್ಗಾದ ಅಂಗಡಿಯಲ್ಲಿ ಈಗ ವಿದ್ಯುತ್ ತಕ್ಕಡಿ. ಅಳತೆಯ ರಾಗ ಉಳಿದಿರುವುದು ಅತ್ತೆಯ ಅಂಗಳದಲ್ಲಿ ಮಾತ್ರ. ತಟ್ಟಿನ ಪಕ್ಕದಲ್ಲಿ ಅಪರಿಚಿತ ಪಾಯಲಿಯೊಂದಿತ್ತು. ಎದುರು ಮನೆಯಿಂದ ಕೇಳಿ ತಂದದ್ದು ಎಂದು ಅತ್ತೆಯ ಸೊಸೆ ನಗುತ್ತ ಹೇಳಿದಳು. ಮನೆಯ ಪಾಯಲಿಯಲ್ಲಿ ಶಾಲು ಇತ್ತಲ್ಲ; ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಅತ್ತೆ ಹದಿನಾಲ್ಕನೆಯ ಪಾಯಲಿಯ ಎಣಿಕೆಯಲ್ಲಿದ್ದಾಗ ನನ್ನ ಫೋನ್ ಸದ್ದು ಮಾಡಿತು. ನೋಡಿದೆ. ಪತ್ರಿಕೆಯವರು. ಎದ್ದು ತುಳಸಿಯ ಕಟ್ಟೆಯ ಬಳಿ ಹೋಗಿ ಓದಿದೆ. ಎರಡು ಸಲ ಓದಿದೆ. ತಿರುಗಿ ನೋಡಿದರೆ ಅತ್ತೆಯ ಕೈ ಜೋಳದಲ್ಲಿ, ಕಣ್ಣು ನನ್ನ ಮೇಲೆ. ಮಾತಾಡುವ ಹಾಗಿಲ್ಲ. ‘ಹದಿನಾಲ್ಕು, ಹದಿನಾಲ್ಕೇ ಹದಿನಾಲ್ಕು,’ ಎನ್ನುತ್ತ ಹುಬ್ಬು ಎತ್ತಿದಳು. ನಾನೂ ಮಾತಾಡುವ ಹಾಗಿಲ್ಲ, ಎಣಿಕೆ ಕೆಡುತ್ತದೆ. ಬಾಯಿ ಬಿಗಿಹಿಡಿದೆ. ನಗು ತಡೆಯಲಾಗಲಿಲ್ಲ. ‘ಹದಿನಾಲ್ಕೇ ಹದಿನಾಲ್ಕು’ ರಾಗ ಜೋರಾಯಿತು, ಬಿರುಸಾಯಿತು, ಪಾಯಲಿ ತುಂಬಿ ತುಳುಕಿದರೂ ಆಕೆ ಹದಿನೈದಕ್ಕೆ ಹೋಗಲಿಲ್ಲ.

‘ಹದಿನಾಲ್ಕು, ಹದಿ... ಏನಂದ ಆ ಹೆಸರಿಲ್ದಾಂವ?’

ಸೊಸೆ ಕೂಗಿದಳು: ‘ಅತ್ತೀ! ಲೆಕ್ಕ ಹೋಯ್ತು!’

‘ಹೋಗ್ಲಿ ಬಿಡು. ಏನಂದ?’

‘ಎರಡರಿಂದ ಮುಂದ ಎಲ್ಲಾ ಖರೇ ಅದ ಅಂದಾನ. ಅಚ್ಚು ಹಾಕ್ತಾರಂತ.’

ಅರವತ್ತು ವರ್ಷಗಳಲ್ಲಿ ತಾನು ಲೆಕ್ಕ ಕೆಡಿಸಿದ್ದು ಅದೊಂದೇ ಸಲ ಎಂದು ಅತ್ತೆ ಈಗಲೂ ಹೇಳುತ್ತಾಳೆ. ಇದನ್ನು ಪರೀಕ್ಷಿಸಲು ನನ್ನ ಬಳಿ ದಾರಿಯಿಲ್ಲ. ಶಾಲು ತರಿಸಿ ತಾನೇ ಹೊದಿಸಿದಳು. ಜೋಳದ ಹೊಟ್ಟಿನ ವಾಸನೆ ಹೊಡೆಯುತ್ತಿತ್ತು, ಕುತ್ತಿಗೆ ತುರಿಸಿತು. ಆಮೇಲೆ ಸುರಿದ ಜೋಳವನ್ನೆಲ್ಲ ರಾಶಿಗೆ ತಿರುಗಿ ಸೇರಿಸಿ, ಶಾಲು ಹೋಗಿ ಖಾಲಿಯಾಗಿದ್ದ ಮನೆಯ ಪಾಯಲಿಯನ್ನು ನನ್ನ ಮುಂದೆ ಇಟ್ಟಳು.

‘ಕೂಡು. ಈ ಸಲ ನೀ ಅಳಿ.’

ನಾನು ಎಂದೂ ಅಳೆದವಳಲ್ಲ. ಪಾಯಲಿ ತುಂಬಿದೆ, ಅಂಗೈಯಿಂದ ಮೇಲ್ಮೈ ಸವರಿದೆ. ಸುರಿಯಲು ಎತ್ತಿದಾಗ ಅತ್ತೆ ಕೋಲಿನಿಂದ ನನ್ನ ಮೊಣಕೈ ತಟ್ಟಿದಳು. ಕೆಳಗಿಟ್ಟೆ. ಬಗ್ಗಿ ನೋಡಿದೆ. ಬೆರಳು ಆಡಿಸಿದೆ. ಜೋಳದ ನಡುವೆ ಹುರಿದ ಕಡಲೆಯಷ್ಟು ಒಂದು ಕರಿ ಕಲ್ಲು ಸಿಕ್ಕಿತು. ಅದು ನಿಜವಾಗಿ ಸಿಕ್ಕಿತೋ ಈಗ ಬರೆಯುವಾಗ ನಾನು ಹಾಕುತ್ತಿದ್ದೇನೋ ಆಣೆ ಮಾಡಿ ಹೇಳಲಾರೆ. ಆದರೆ ಬಗ್ಗಿ ನೋಡಿದ್ದು ನಿಜ; ಶಾಲು ಜಾರಿ ಜೋಳದ ಮೇಲೆ ಬಿದ್ದದ್ದಕ್ಕೆ ಸೊಸೆ ಸಾಕ್ಷಿ.

ಪಾಯಲಿ ಎತ್ತಿ ಸುರಿದೆ.

‘ಲಾಭ,’ ಎಂದೆ.

‘ಜೋರ್ಲೆ ಅನ್ನು,’ ಎಂದಳು ಅತ್ತೆ. ‘ಕೇಳಸವಲ್ದು.’